ಶಾಸಕ ಮಿಲ್: ದತ್ತಕ, ಮುಕ್ತ ವ್ಯಾಪಾರ ಮತ್ತು ನಿರುದ್ಯೋಗ

ಜಾನ್ ಸ್ಟುವರ್ಟ್ ಮಿಲ್ಲನ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಪರಿಚಯವಾಗುವುದು ಸಾಮಾನ್ಯವಾಗಿ ತತ್ತ್ವಶಾಸ್ತ್ರದ ಅಥವಾ ರಾಜ್ಯಶಾಸ್ತ್ರದ ಪಠ್ಯಗಳ ಮೂಲಕ. ವ್ಯಕ್ತಿಸ್ವಾತಂತ್ರ್ಯದ ಪ್ರತಿಪಾದಕ, ಉಪಯುಕ್ತತಾವಾದದ ವ್ಯಾಖ್ಯಾನಕಾರ, ಸ್ತ್ರೀಯರಿಗೆ ಮತಾಧಿಕಾರ ಬೇಕೆಂದು ವಾದಿಸಿದ ಧೀಮಂತ ಎಂಬ ಮೂರು ಗುರುತುಗಳಲ್ಲಿ ಅವನ ಚಿತ್ರ ಮುಗಿದುಹೋಗುತ್ತದೆ. ಮಿಲ್ ತನ್ನ ಜೀವನದ 35 ವರ್ಷಗಳನ್ನು ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ನೌಕರನಾಗಿ ಕಳೆದವನು. ಅನಂತರ ಮೂರು ವರ್ಷ ಬ್ರಿಟಿಷ್ ಪಾರ್ಲಿಮೆಂಟಿನ ಕಾಮನ್ಸ್ ಸಭೆಯಲ್ಲಿ ಕುಳಿತವನು. ಕನ್ನಡ ನಾಡಿನ ಚರಿತ್ರೆಯ ಒಂದು ನಿರ್ಣಾಯಕ ಘಟ್ಟದಲ್ಲಿ, ಮೈಸೂರಿನ ದತ್ತಕದ ಪ್ರಶ್ನೆಯಲ್ಲಿ, ಅವನ ಹೆಸರು ಬಂದುಹೋಗುತ್ತದೆ. ಈ ಪ್ರಬಂಧದ ಉದ್ದೇಶ ಅವನ ಸಮಗ್ರ ತತ್ತ್ವವನ್ನು ನಿರೂಪಿಸುವುದಲ್ಲ. ದತ್ತಕ, ಮುಕ್ತ ವ್ಯಾಪಾರ, ನಿರುದ್ಯೋಗ ಎಂಬ ಮೂರು ವಿಷಯಗಳಲ್ಲಿ ಅವನು ತಳೆದ ನಿಲುವುಗಳನ್ನು ಅವನ ಬದುಕಿನ ಹಿನ್ನೆಲೆಯಲ್ಲಿಟ್ಟು ನೋಡುವುದು, ಮೇಲ್ನೋಟಕ್ಕೆ ಸಂಬಂಧವಿಲ್ಲದ ಈ ಮೂರರ ನಡುವೆ ಇರುವ ಒಳಸಂಬಂಧವನ್ನು ಗುರುತಿಸುವುದು ಇಲ್ಲಿಯ ಪ್ರಯತ್ನ.

1

ಮಿಲ್ ಹುಟ್ಟಿದ್ದು ಲಂಡನ್ನಿನ ಪೆಂಟನ್‌ವಿಲ್‌ನಲ್ಲಿ, 1806ರ ಮೇ 20ರಂದು. ತಂದೆ ಜೇಮ್ಸ್ ಮಿಲ್ ಸ್ಕಾಟ್ಲೆಂಡಿನಿಂದ ಬಂದು ಬರವಣಿಗೆಯಿಂದಲೇ ಜೀವಿಸುತ್ತಿದ್ದ ವಿದ್ವಾಂಸ. ಜೆರೆಮಿ ಬೆಂಥಾಮನ ಆಪ್ತ ಅನುಯಾಯಿ. ಒಂಬತ್ತು ಮಕ್ಕಳಲ್ಲಿ ಹಿರಿಯನಾದ ಜಾನ್‌ಗೆ ಶಾಲೆಯ ಮುಖವನ್ನೇ ತೋರಿಸದೆ ತಂದೆಯೇ ಪಾಠ ಹೇಳಿದನು. ಮೂರನೆಯ ವಯಸ್ಸಿಗೆ ಗ್ರೀಕ್, ಎಂಟನೆಯ ವಯಸ್ಸಿಗೆ ಲ್ಯಾಟಿನ್, ಹನ್ನೆರಡಕ್ಕೆ ತರ್ಕಶಾಸ್ತ್ರ, ಹದಿಮೂರಕ್ಕೆ ರಿಕಾರ್ಡೊವಿನ ಅರ್ಥಶಾಸ್ತ್ರ, ಹೀಗೆ ಆ ಶಿಕ್ಷಣ ನಡೆಯಿತು. ತಂದೆ ಬರೆಯುತ್ತಿದ್ದ ಮೇಜಿನ ಇನ್ನೊಂದು ಬದಿಯಲ್ಲಿ ಮಗ ಓದುತ್ತಿದ್ದನು. ಆ ಮೇಜಿನ ಮೇಲೆ ಆಗ ಸಿದ್ಧವಾಗುತ್ತಿದ್ದ ಗ್ರಂಥ ಬ್ರಿಟಿಷ್ ಇಂಡಿಯಾದ ಚರಿತ್ರೆ. ಭಾರತವನ್ನು ಒಮ್ಮೆಯೂ ನೋಡದೆ, ಅದರ ಯಾವ ಭಾಷೆಯನ್ನೂ ಅರಿಯದೆ, ಅದರ ನಾಗರಿಕತೆಯ ಬಗೆಗೆ ಕಠಿಣವಾದ ತೀರ್ಪು ಕೊಟ್ಟ ಆ ಗ್ರಂಥದ ಬಲದಿಂದಲೇ ಜೇಮ್ಸ್ ಮಿಲ್‌ಗೆ 1819ರಲ್ಲಿ ಕಂಪನಿಯ ಕಚೇರಿಯಲ್ಲಿ ಕೆಲಸ ದೊರೆಯಿತು. ನಾಲ್ಕು ವರ್ಷಗಳ ಅನಂತರ, 1823ರಲ್ಲಿ, ಹದಿನೇಳನೆಯ ವಯಸ್ಸಿನ ಮಗನೂ ಅದೇ ಕಚೇರಿಯ ಗುಮಾಸ್ತನಾದನು.

1826ರ ಚಳಿಗಾಲದಲ್ಲಿ ಈ ಯುವಕನಿಗೆ ತೀವ್ರವಾದ ಮಾನಸಿಕ ಬಳಲಿಕೆ ಉಂಟಾಯಿತು. ತಾನು ನಂಬಿದ ಎಲ್ಲ ಸುಧಾರಣೆಗಳೂ ಒಂದೇ ಕ್ಷಣದಲ್ಲಿ ಸಿದ್ಧಿಸಿದರೂ ತನಗೆ ಸಂತೋಷವಾಗದು ಎಂಬ ಅರಿವು ಅವನನ್ನು ಕಂಗೆಡಿಸಿತು. ವರ್ಡ್ಸ್‌ವರ್ತನ ಕಾವ್ಯದ ಓದು ಅವನನ್ನು ಮೆಲ್ಲಮೆಲ್ಲನೆ ಮೇಲೆತ್ತಿತು. ಅಂದಿನಿಂದ ತಂದೆಯ ಸಿದ್ಧಾಂತಗಳನ್ನು ಬಿಟ್ಟುಕೊಡದೆಯೇ ಅವುಗಳ ಅಂಚುಗಳನ್ನು ಪರೀಕ್ಷಿಸುವ ಸ್ವಭಾವ ಅವನಲ್ಲಿ ಬೆಳೆಯಿತು. ಸೂತ್ರವೊಂದನ್ನು ದೃಢವಾಗಿ ಹೇಳಿ, ಮರುಕ್ಷಣವೇ ಅದಕ್ಕೆ ಎಲ್ಲಿ ಅಪವಾದವಿದೆ ಎಂದು ಹುಡುಕುವ ಈ ಗುಣವೇ ಅವನ ಮುಂದಿನ ಬರವಣಿಗೆಯ ಲಕ್ಷಣ.

1836ರಲ್ಲಿ ತಂದೆ ತೀರಿಕೊಂಡ ಮೇಲೆ ದೇಶೀ ಸಂಸ್ಥಾನಗಳೊಡನೆ ನಡೆಯುವ ಪತ್ರವ್ಯವಹಾರದ ವಿಭಾಗ ಮಿಲ್ಲನ ಕೈಗೆ ಬಂದಿತು. ಸುಮಾರು ಇಪ್ಪತ್ತು ವರ್ಷ ಅವನು ಅದನ್ನು ನಿರ್ವಹಿಸಿದನು. ಸೇವಾವಧಿಯಲ್ಲಿ ಅವನು ಸಿದ್ಧಪಡಿಸಿದ ಕರಡುಗಳ ಸಂಖ್ಯೆ ಸುಮಾರು 1,700. ಪ್ರತಿಯೊಂದು ಕರಡೂ ಕಂಪನಿಯ ನಿರ್ದೇಶಕರ ಮತ್ತು ಸರ್ಕಾರದ ನಿಯಂತ್ರಣ ಮಂಡಲಿಯ ಕೈದಾಟಿ ಬರಬೇಕಾಗಿತ್ತು. ಆದ್ದರಿಂದ ಅವುಗಳಲ್ಲಿರುವುದೆಲ್ಲ ಅವನ ಸ್ವಂತ ಅಭಿಪ್ರಾಯವೆನ್ನಲಾಗದು. ಆದರೆ ಸಂಸ್ಥಾನವೊಂದರ ಉತ್ತರಾಧಿಕಾರ, ಸಾಲ, ದಿವಾನರ ನೇಮಕ, ರೆಸಿಡೆಂಟರ ಹಸ್ತಕ್ಷೇಪ ಮೊದಲಾದ ವಿಷಯಗಳನ್ನು ಕಡತಗಳ ಮೂಲಕ ಇಷ್ಟು ದೀರ್ಘಕಾಲ ಅಭ್ಯಸಿಸಿದ ತತ್ತ್ವಜ್ಞಾನಿ ಇನ್ನೊಬ್ಬನಿಲ್ಲ. 1856ರಲ್ಲಿ ಅವನು ತಂದೆಯೂ ಅಲಂಕರಿಸಿದ್ದ ಪರೀಕ್ಷಕನ ಹುದ್ದೆಗೇರಿದನು. 1858ರಲ್ಲಿ ಕಂಪನಿಯ ಆಳ್ವಿಕೆ ಕೊನೆಗೊಳ್ಳುವಾಗ ಅದರ ಪರವಾಗಿ ಪಾರ್ಲಿಮೆಂಟಿಗೆ ಹೋದ ಮನವಿಯನ್ನು ಬರೆದವನೂ ಅವನೇ. ಹೊಸ ಇಂಡಿಯಾ ಕೌನ್ಸಿಲಿನ ಸದಸ್ಯತ್ವವನ್ನು ನಿರಾಕರಿಸಿ ನಿವೃತ್ತನಾದನು. ಅದೇ ವರ್ಷದ ನವೆಂಬರ್ 3ರಂದು ಅವನ ಹೆಂಡತಿ ಹ್ಯಾರಿಯೆಟ್ ಟೇಲರ್ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ತೀರಿಕೊಂಡಳು. ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ಸ್ನೇಹದ ಅನಂತರ 1851ರಲ್ಲಿ ನಡೆದ ಆ ವಿವಾಹ ಏಳು ವರ್ಷವಷ್ಟೇ ಬಾಳಿತು.

2

1865ರ ಚುನಾವಣೆಯಲ್ಲಿ ವೆಸ್ಟ್‌ಮಿನ್‌ಸ್ಟರ್ ಕ್ಷೇತ್ರದ ಮತದಾರರು ಮಿಲ್ಲನನ್ನು ಅಭ್ಯರ್ಥಿಯಾಗಲು ಕೇಳಿಕೊಂಡಾಗ ಅವನು ಇಟ್ಟ ನಿಬಂಧನೆಗಳು ವಿಚಿತ್ರವಾಗಿದ್ದವು. ತಾನು ಚುನಾವಣೆಗೆ ಹಣ ಖರ್ಚು ಮಾಡುವುದಿಲ್ಲ. ಮನೆಮನೆಗೆ ಹೋಗಿ ಮತ ಬೇಡುವುದಿಲ್ಲ. ಗೆದ್ದರೆ ಕ್ಷೇತ್ರದ ಸ್ಥಳೀಯ ಕೆಲಸಗಳಿಗೆ ಸಮಯ ಕೊಡುವುದಿಲ್ಲ. ಸ್ತ್ರೀಯರಿಗೂ ಮತಾಧಿಕಾರ ಬೇಕೆಂಬ ತನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಕಾರ್ಮಿಕರೇ ತುಂಬಿದ್ದ ಸಭೆಯೊಂದರಲ್ಲಿ, ದುಡಿಯುವ ವರ್ಗದವರು ಸಾಮಾನ್ಯವಾಗಿ ಸುಳ್ಳು ಹೇಳುತ್ತಾರೆಂದು 1859ರ ಕಿರುಹೊತ್ತಗೆಯಲ್ಲಿ ಬರೆದಿರುವುದು ನಿಜವೇ ಎಂದು ಅವನನ್ನು ಕೇಳಲಾಯಿತು. ಬರೆದಿದ್ದೇನೆ ಎಂದು ಅವನು ಚುಟುಕಾಗಿ ಒಪ್ಪಿಕೊಂಡನು. ಸಭೆ ಕೋಪಗೊಳ್ಳುವ ಬದಲು ಚಪ್ಪಾಳೆ ತಟ್ಟಿತು. ತಮ್ಮನ್ನು ಹೊಗಳಿ ಮತ ಕೇಳುವವರನ್ನು ಮಾತ್ರ ಕಂಡಿದ್ದ ಜನರಿಗೆ ಈ ನೇರತನ ಹಿಡಿಸಿತು. ಮಿಲ್ ಗೆದ್ದನು.

ಕಾಮನ್ಸ್ ಸಭೆಯಲ್ಲಿ ಅವನ ಧ್ವನಿ ಕ್ಷೀಣವಾಗಿತ್ತು. ವಾಗ್ಮಿಯೆಂಬ ಹೆಸರು ಅವನಿಗೆ ಬರಲಿಲ್ಲ. ಆದರೆ ಅವನು ಎತ್ತಿದ ಪ್ರಶ್ನೆಗಳು ಸಣ್ಣವಾಗಿರಲಿಲ್ಲ. 1866ರಲ್ಲಿ ಸ್ತ್ರೀಯರ ಮತಾಧಿಕಾರ ಕೋರುವ ಮನವಿಯನ್ನು ಸಭೆಗೆ ಒಪ್ಪಿಸಿದನು. 1867ರ ಮೇ 20ರಂದು, ತನ್ನ ಹುಟ್ಟುಹಬ್ಬದ ದಿನವೇ, ಸುಧಾರಣಾ ಮಸೂದೆಯಲ್ಲಿ ಪುರುಷನೆಂಬ ಪದದ ಬದಲು ವ್ಯಕ್ತಿಯೆಂಬ ಪದವನ್ನು ಇಡಬೇಕೆಂದು ತಿದ್ದುಪಡಿ ಮಂಡಿಸಿದನು. 73 ಮತಗಳು ಪರವಾಗಿಯೂ 196 ವಿರೋಧವಾಗಿಯೂ ಬಿದ್ದವು. ಜಮೈಕಾದಲ್ಲಿ ಕರಿಯರ ಮೇಲೆ ಕ್ರೌರ್ಯ ನಡೆಸಿದ ಗವರ್ನರ್ ಐರ್‌ನನ್ನು ವಿಚಾರಣೆಗೆ ಗುರಿಪಡಿಸಬೇಕೆಂಬ ಸಮಿತಿಯ ನೇತೃತ್ವ ವಹಿಸಿದನು. ಐರ್ಲೆಂಡಿನ ಗೇಣಿದಾರರ ಪರವಾಗಿ ವಾದಿಸಿದನು. ಮೈಸೂರಿನ ಪ್ರಶ್ನೆ ಅವನ ಮುಂದೆ ಬಂದದ್ದು ಇದೇ ಅವಧಿಯಲ್ಲಿ.

3

ಧರ್ಮಶಾಸ್ತ್ರದ ದೃಷ್ಟಿಯಲ್ಲಿ ದತ್ತಪುತ್ರನಿಗೂ ಔರಸಪುತ್ರನಿಗೂ ಶ್ರಾದ್ಧಾಧಿಕಾರದಲ್ಲಿ ಭೇದವಿಲ್ಲ. ವಂಶ ಮುಂದುವರಿಯುವುದಕ್ಕೆ ದತ್ತಕ ಸಹಜವಾದ ಮಾರ್ಗ. ಬ್ರಿಟಿಷರು ಖಾಸಗಿ ಆಸ್ತಿಯ ಮಟ್ಟಿಗೆ ಇದನ್ನು ಒಪ್ಪಿದರು. ರಾಜ್ಯದ ಉತ್ತರಾಧಿಕಾರ ಮಾತ್ರ ಸಾರ್ವಭೌಮ ಸತ್ತೆಯ ಅನುಮತಿಯಿಲ್ಲದೆ ದತ್ತಪುತ್ರನಿಗೆ ಸಲ್ಲದು ಎಂದು ಬೇರೆ ಗೆರೆ ಎಳೆದರು. ಕನ್ನಡ ನಾಡು ಈ ಗೆರೆಯ ಅರ್ಥವನ್ನು ಬಹಳ ಮೊದಲೇ ಕಂಡಿತ್ತು. ಕಿತ್ತೂರಿನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದಿದ್ದುದು 1824ರಲ್ಲಿ. ರಾಣಿ ಚೆನ್ನಮ್ಮನ ಹೋರಾಟ ಅದರಿಂದಲೇ ಹುಟ್ಟಿತು. ಅಂದರೆ ಮಿಲ್ ಗುಮಾಸ್ತನಾಗಿ ಸೇರಿದ ಮರುವರ್ಷ. ಡಾಲ್‌ಹೌಸಿಯ ಕಾಲದಲ್ಲಿ ಇದು ವ್ಯವಸ್ಥಿತ ನೀತಿಯಾಯಿತು. 1848ರಲ್ಲಿ ಸಾತಾರಾ, ಅನಂತರ ಝಾನ್ಸಿ, ನಾಗಪುರಗಳು ಕಂಪನಿಯ ವಶವಾದವು. 1857ರ ದಂಗೆಯ ಅನಂತರ ಗವರ್ನರ್ ಜನರಲ್ ಕ್ಯಾನಿಂಗ್ ದತ್ತಕವನ್ನು ಮಾನ್ಯ ಮಾಡುವ ಸನ್ನದುಗಳನ್ನು ಸಂಸ್ಥಾನಿಕರಿಗೆ ಕೊಟ್ಟನು. ಆ ಪಟ್ಟಿಯಲ್ಲಿ ಮೈಸೂರಿನ ಹೆಸರು ಇರಲಿಲ್ಲ. 1831ರಿಂದ ಅಲ್ಲಿಯ ಆಡಳಿತ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದುದರಿಂದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಆಳುವ ಅರಸರೆಂದು ಪರಿಗಣಿಸಲಿಲ್ಲ. ಅರಸರು ಕಾಲವಾದೊಡನೆ ಮೈಸೂರು ತಮ್ಮದಾಗಬಹುದೆಂದು ಡಾಲ್‌ಹೌಸಿ 1856ರಲ್ಲೇ ನಿರೀಕ್ಷಿಸಿದ್ದನು.

1865ರ ಜೂನ್‌ನಲ್ಲಿ ಎಪ್ಪತ್ತೊಂದರ ಅಂಚಿನಲ್ಲಿದ್ದ ಮುಮ್ಮಡಿಯವರು ಎರಡು ವರ್ಷದ ಚಾಮರಾಜೇಂದ್ರನನ್ನು ದತ್ತು ಸ್ವೀಕರಿಸಿದರು. ವೈಸರಾಯ್ ಜಾನ್ ಲಾರೆನ್ಸ್ ಇದನ್ನು ರಾಜ್ಯದ ಮಟ್ಟಿಗೆ ಮಾನ್ಯ ಮಾಡಲಿಲ್ಲ. ವಿವಾದ ಲಂಡನ್ನಿಗೆ ಹೋಯಿತು. ಮೇಜರ್ ಇವಾನ್ಸ್ ಬೆಲ್ ಮೈಸೂರಿನ ಪರವಾಗಿ ಗ್ರಂಥವನ್ನೇ ಬರೆದನು. 1866ರಲ್ಲಿ ಮೈಸೂರಿನ ದೇಶೀ ರಾಜ್ಯವನ್ನು ಉಳಿಸಬೇಕೆಂದು ಕೋರುವ ಮನವಿಯೊಂದು ಕಾಮನ್ಸ್ ಸಭೆಗೆ ಬಂದಿತು. ಅದನ್ನು ಸಭೆಗೆ ಒಪ್ಪಿಸಿದ ಸದಸ್ಯನೇ ಜಾನ್ ಸ್ಟುವರ್ಟ್ ಮಿಲ್.

ಇದರಿಂದ ಮಿಲ್ ದತ್ತಕದ ಹಕ್ಕನ್ನು ಸಾರಾಸಗಟಾಗಿ ಎತ್ತಿಹಿಡಿದನೆಂದು ತಿಳಿಯುವುದು ತಪ್ಪು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಾನ್ ಮಾರ್ಲೆಗೆ ಬರೆದ ಪತ್ರದಲ್ಲಿ ಅವನ ನಿಜವಾದ ಅಭಿಪ್ರಾಯ ಸ್ಪಷ್ಟವಾಗುತ್ತದೆ. ಅವನು ಸಂಸ್ಥಾನಗಳನ್ನು ಎರಡಾಗಿ ವಿಂಗಡಿಸುತ್ತಾನೆ. ಮೊದಲನೆಯವು ಜನರ ಭಾವನೆಯಲ್ಲಿ, ಪರಂಪರೆಯಲ್ಲಿ ಬೇರುಬಿಟ್ಟ ನಿಜವಾದ ದೇಶೀ ರಾಜ್ಯಗಳು. ರಜಪೂತ ರಾಜ್ಯಗಳು ಇದಕ್ಕೆ ಮುಖ್ಯ ನಿದರ್ಶನ. ಅಂಥಲ್ಲಿ ವಾರಸುದಾರರಿಲ್ಲವೆಂಬ ನೆವದಿಂದ ರಾಜ್ಯವನ್ನು ನುಂಗುವುದು ಎಂದಿಗೂ ಸಲ್ಲದು. ಎರಡನೆಯವು ಒಂದು ಶತಮಾನದೊಳಗೆ ದಂಡಯಾತ್ರೆಯಿಂದ ಹುಟ್ಟಿದವು. ಬಹುಪಾಲು ಮುಸ್ಲಿಮ್ ಮತ್ತು ಮರಾಠಾ ರಾಜ್ಯಗಳನ್ನು ಅವನು ಈ ಗುಂಪಿಗೆ ಸೇರಿಸುತ್ತಾನೆ. ಅಲ್ಲಿಯ ಆಳುವ ವರ್ಗ ಪ್ರಜೆಗಳಿಗೆ ಬ್ರಿಟಿಷರಷ್ಟೇ ಪರಕೀಯವೆಂಬುದು ಅವನ ವಾದ. ಅಂಥ ರಾಜ್ಯಗಳಲ್ಲಿ ದತ್ತಕದಿಂದ ವಂಶ ಮುಂದುವರಿಯುವುದು ಹಕ್ಕಲ್ಲ. ಒಳ್ಳೆಯ ಆಡಳಿತದಿಂದ ಗಳಿಸಿಕೊಳ್ಳಬೇಕಾದ ಬಹುಮಾನ. ಹಾಗೆ ಗಳಿಸಿದವರಿಗೆ ಧಾರಾಳವಾಗಿ ಕೊಡಬೇಕು.

ಡಾಲ್‌ಹೌಸಿಯೂ ಸಂಸ್ಥಾನಗಳನ್ನು ವಿಂಗಡಿಸಿದ್ದನು. ಆದರೆ ಅವನ ವಿಂಗಡಣೆ ಕಾನೂನಿನದು: ಈ ರಾಜ್ಯ ಬ್ರಿಟಿಷರ ಸೃಷ್ಟಿಯೇ, ಅವರಿಗೆ ಅಧೀನವೇ, ಸ್ವತಂತ್ರವೇ ಎಂಬುದು ಅವನ ಪ್ರಶ್ನೆ. ಮಿಲ್ಲನದು ಆಳುವವರಿಗೂ ಆಳಿಸಿಕೊಳ್ಳುವವರಿಗೂ ಇರುವ ಸಂಬಂಧದ ಪ್ರಶ್ನೆ. ಈ ವ್ಯತ್ಯಾಸ ಸಣ್ಣದಲ್ಲ. ಡಾಲ್‌ಹೌಸಿಯ ಅಳತೆಯಲ್ಲಿ 1799ರ ಒಪ್ಪಂದದಿಂದ ಸ್ಥಾಪಿತವಾದ ಮೈಸೂರು ಬ್ರಿಟಿಷರ ಸೃಷ್ಟಿ. ಅದನ್ನು ಹಿಂದಕ್ಕೆ ಪಡೆಯಬಹುದು. ಮಿಲ್ಲನ ಅಳತೆಯಲ್ಲಿ ಹೈದರ್ ಟಿಪ್ಪುಗಳಿಗೂ ಮೊದಲೇ ಶತಮಾನಗಳ ಕಾಲ ಆ ನೆಲದಲ್ಲಿ ನಿಂತಿದ್ದ ಒಡೆಯರ ಮನೆತನ ಮೊದಲ ಗುಂಪಿಗೆ ಹತ್ತಿರವಾಗುತ್ತದೆ. ಆದರೂ ಅವನ ವಾದದಲ್ಲಿ ಒಂದು ತೊಡಕು ಉಳಿಯುತ್ತದೆ. ರಾಜ್ಯವೊಂದು ಜನರ ಭಾವನೆಯಲ್ಲಿ ಬೇರುಬಿಟ್ಟಿದೆಯೇ, ಅದರ ಆಡಳಿತ ಬಹುಮಾನಕ್ಕೆ ಅರ್ಹವೇ ಎಂದು ತೀರ್ಮಾನಿಸುವವರು ಯಾರು? ಆ ಜನರನ್ನು ಕೇಳುವ ವ್ಯವಸ್ಥೆ ಇರಲಿಲ್ಲ. ತೀರ್ಪುಗಾರನೂ ಫಲಾನುಭವಿಯೂ ಒಬ್ಬನೇ ಆಗಿದ್ದನು. 1859ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಅವಧದ ಆಕ್ರಮಣವನ್ನು ಮಿಲ್ ಸಮರ್ಥಿಸಿದ್ದನು. ಪರಕೀಯ ಸೈನ್ಯದ ರಕ್ಷಣೆಯಲ್ಲಿರುವ ಅರಸನಿಗೆ ಪ್ರಜೆಗಳ ಭಯವಿರುವುದಿಲ್ಲ, ಆದ್ದರಿಂದ ಅವನ ದುರಾಡಳಿತಕ್ಕೆ ರಕ್ಷಣೆ ಕೊಟ್ಟವರೇ ಹೊಣೆ ಎಂಬ ಅವನ ತರ್ಕ ಬಲವಾದದ್ದು. ಆ ತರ್ಕ ಕೊನೆಗೊಳ್ಳಬೇಕಾದದ್ದು ರಕ್ಷಣೆಯನ್ನು ಹಿಂದೆಗೆಯುವುದರಲ್ಲೋ ರಾಜ್ಯವನ್ನೇ ತೆಗೆದುಕೊಳ್ಳುವುದರಲ್ಲೋ ಎಂಬಲ್ಲಿ ಮಿಲ್ ಕಂಪನಿಯ ನೌಕರನಾಗಿಯೇ ಯೋಚಿಸಿದನು. ಸ್ವಾತಂತ್ರ್ಯದ ತತ್ತ್ವ ಪ್ರೌಢ ಸಮಾಜಗಳಿಗೆ ಮಾತ್ರ ಅನ್ವಯಿಸುತ್ತದೆ ಎಂದು ಅದೇ ವರ್ಷ ಪ್ರಕಟವಾದ 'ಆನ್ ಲಿಬರ್ಟಿ'ಯಲ್ಲಿ ಅವನು ಹಾಕಿದ ಮಿತಿಯೂ ಇದಕ್ಕೆ ಹೊಂದಿಕೊಂಡೇ ಇದೆ. ತಂದೆಯ ಮೇಜಿನ ಮೇಲಿದ್ದ ಚರಿತ್ರೆಯ ನೆರಳು ಇಲ್ಲಿ ಕಾಣುತ್ತದೆ.

1867ರ ಏಪ್ರಿಲಿನಲ್ಲಿ ಭಾರತಮಂತ್ರಿ ನಾರ್ತ್‌ಕೋಟ್ ದತ್ತಕವನ್ನು ಮಾನ್ಯ ಮಾಡಿದನು. ಆ ತೀರ್ಮಾನವೂ ನಿಬಂಧನೆಗೆ ಒಳಪಟ್ಟಿತ್ತು: ಪ್ರಾಪ್ತ ವಯಸ್ಕನಾದಾಗ ಅರ್ಹನೆಂದು ಕಂಡುಬಂದರೆ ಮಾತ್ರ ಚಾಮರಾಜೇಂದ್ರನಿಗೆ ಆಡಳಿತ ಸಿಗಬೇಕು. 1868ರ ಮಾರ್ಚ್ 27ರಂದು ಮುಮ್ಮಡಿಯವರು ಕಾಲವಾದರು. ಸೆಪ್ಟೆಂಬರಿನಲ್ಲಿ ಬಾಲಕನಿಗೆ ಪಟ್ಟವಾಯಿತು. 1881ರ ಮಾರ್ಚ್ 25ರಂದು ರಾಜ್ಯ ಹಿಂದಿರುಗಿತು. ಈ ಫಲಕ್ಕೆ ಮಿಲ್ಲನೊಬ್ಬನೇ ಕಾರಣನೆಂದರೆ ಅತಿಶಯೋಕ್ತಿ. ಆದರೆ ಹಕ್ಕಿಗೂ ಆಕ್ರಮಣಕ್ಕೂ ನಡುವೆ ನಿಬಂಧಿತ ಮುಂದುವರಿಕೆಯೆಂಬ ದಾರಿಯಿದೆಯೆಂದು ಅವನು ಕಂಡದ್ದೇ ಮೈಸೂರಿನಲ್ಲಿ ಆಚರಣೆಗೆ ಬಂದಿತು.

4

ಮುಕ್ತ ವ್ಯಾಪಾರದ ವಿಷಯದಲ್ಲಿ ಮಿಲ್ ತನ್ನ ಪೀಳಿಗೆಯ ಸುಧಾರಕರ ಸಾಲಿನಲ್ಲೇ ನಿಂತವನು. ಇಂಗ್ಲೆಂಡಿನ ಧಾನ್ಯ ಕಾಯಿದೆಗಳು ಆಮದು ಧಾನ್ಯಕ್ಕೆ ಸುಂಕ ಹೇರಿ ಜಮೀನುದಾರರ ಗೇಣಿಯನ್ನು ಕಾಪಾಡುತ್ತಿದ್ದವು. ಅದರ ಬೆಲೆ ತೆರುತ್ತಿದ್ದವರು ರೊಟ್ಟಿ ಕೊಳ್ಳುವ ಬಡವರು. 1825ರಲ್ಲೇ ಅವನು ಇವುಗಳ ವಿರುದ್ಧ ಬರೆದನು. 1846ರಲ್ಲಿ ಆ ಕಾಯಿದೆಗಳು ರದ್ದಾದವು. ಎರಡು ವರ್ಷಗಳ ಅನಂತರ ಬಂದ 'ಪ್ರಿನ್ಸಿಪಲ್ಸ್ ಆಫ್ ಪೊಲಿಟಿಕಲ್ ಎಕಾನಮಿ' ಅವನ ಜೀವಿತಕಾಲದಲ್ಲೇ ಏಳು ಆವೃತ್ತಿಗಳನ್ನು ಕಂಡು ಅರ್ಧ ಶತಮಾನ ಕಾಲ ಇಂಗ್ಲಿಷ್ ಬಲ್ಲ ಜಗತ್ತಿನ ಪ್ರಮಾಣಗ್ರಂಥವಾಯಿತು.

ಎರಡು ದೇಶಗಳ ನಡುವಣ ವ್ಯಾಪಾರದಿಂದ ಇಬ್ಬರಿಗೂ ಲಾಭವಿದೆಯೆಂದು ರಿಕಾರ್ಡೊ ತೋರಿಸಿದ್ದನು. ಆ ಲಾಭ ಯಾರಿಗೆ ಎಷ್ಟು ಹಂಚಿಕೆಯಾಗುತ್ತದೆ ಎಂಬುದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ಪರಸ್ಪರ ಬೇಡಿಕೆಯ ತೀವ್ರತೆಯೇ ಅದನ್ನು ನಿರ್ಧರಿಸುತ್ತದೆಂದು ಮಿಲ್ ತೋರಿಸಿದನು. ಯಾವ ದೇಶದ ಸರಕಿಗೆ ಹೊರಗೆ ಬೇಡಿಕೆ ಹೆಚ್ಚೋ, ಹೊರಗಿನ ಸರಕು ಯಾರಿಗೆ ಕಡಮೆ ಬೇಕೋ ಅವರಿಗೆ ಹೆಚ್ಚು ಪಾಲು. ಇದರಿಂದ ಹೊರಡುವ ಇನ್ನೊಂದು ಮಾತನ್ನೂ ಅವನು ಮುಚ್ಚಿಡಲಿಲ್ಲ: ಸುಂಕದ ಮೂಲಕ ಒಂದು ದೇಶ ತನ್ನ ಪಾಲನ್ನು ಹೆಚ್ಚಿಸಿಕೊಳ್ಳುವುದು ತಾತ್ತ್ವಿಕವಾಗಿ ಸಾಧ್ಯ. ಮುಕ್ತ ವ್ಯಾಪಾರದ ಪಕ್ಷದವನೇ ಎದುರು ಪಕ್ಷಕ್ಕೆ ಈ ಅಸ್ತ್ರವನ್ನು ಕೊಟ್ಟನು.

ಇದಕ್ಕಿಂತ ಪ್ರಸಿದ್ಧವಾದದ್ದು ಅವನು ಒಪ್ಪಿದ ಇನ್ನೊಂದು ಅಪವಾದ. ಒಂದು ದೇಶ ಒಂದು ಉದ್ಯಮದಲ್ಲಿ ಮುಂದಿರುವುದು ಅದು ಮೊದಲೇ ಆರಂಭಿಸಿದ್ದರಿಂದ ಮಾತ್ರ ಇರಬಹುದು. ಹಿಂದಿರುವ ದೇಶಕ್ಕೆ ಸಹಜವಾದ ಅನನುಕೂಲವೇನೂ ಇಲ್ಲದಿರಬಹುದು. ಅಂಥಲ್ಲಿ ಕೌಶಲ ಬೆಳೆಯುವವರೆಗೆ, ಮಿತವಾದ ಕಾಲಕ್ಕೆ, ರಕ್ಷಣಾ ಸುಂಕ ಹಾಕುವುದು ಸಮರ್ಥನೀಯ. ಈ ಕೆಲವೇ ವಾಕ್ಯಗಳು ಆಸ್ಟ್ರೇಲಿಯ ಮತ್ತು ಅಮೆರಿಕಗಳಲ್ಲಿ ರಕ್ಷಣಾವಾದಿಗಳ ಬಾಯಲ್ಲಿ ಮಂತ್ರವಾದವು. ಮಿಲ್‌ಗೆ ಇದರಿಂದ ಕಸಿವಿಸಿಯಾಯಿತು. ತಾತ್ಕಾಲಿಕವೆಂದು ಹಾಕಿದ ಸುಂಕ ಒಮ್ಮೆ ಬೇರೂರಿದರೆ ಕೀಳಲಾಗದೆಂದು ಅನುಭವದಿಂದ ಮನಗಂಡು, 1860ರ ದಶಕದ ಪತ್ರಗಳಲ್ಲಿ ಅವನು ಬೇರೆ ಸಲಹೆ ಕೊಡತೊಡಗಿದನು. ಹೊಸ ಉದ್ಯಮಕ್ಕೆ ನೆರವು ಬೇಕಾದರೆ ಬೊಕ್ಕಸದಿಂದಲೇ ಬಹಿರಂಗವಾಗಿ ಹಣ ಕೊಡುವುದು ಮೇಲು. ಆಗ ಅದರ ವೆಚ್ಚ ಪ್ರತಿವರ್ಷ ಎಲ್ಲರ ಕಣ್ಣಿಗೆ ಕಾಣುತ್ತದೆ ಎಂಬುದು ಆ ಸಲಹೆಯ ಸಾರ.

ಮುಕ್ತ ವ್ಯಾಪಾರವನ್ನು ಅವನು ವ್ಯಕ್ತಿಸ್ವಾತಂತ್ರ್ಯದ ಶಾಖೆಯೆಂದು ಎಣಿಸಲಿಲ್ಲ ಎಂಬುದನ್ನೂ ಗಮನಿಸಬೇಕು. ವ್ಯಾಪಾರ ಇತರರ ಹಿತವನ್ನು ಮುಟ್ಟುವ ಸಾಮಾಜಿಕ ಕ್ರಿಯೆ. ಅದನ್ನು ನಿಯಂತ್ರಿಸುವ ಅಧಿಕಾರ ಸಮಾಜಕ್ಕೆ ಇದ್ದೇ ಇದೆ. ಆದರೆ ನಿಯಂತ್ರಣದಿಂದ ಸಾಮಾನ್ಯವಾಗಿ ಒಳ್ಳೆಯ ಫಲ ಬರುವುದಿಲ್ಲ ಎಂಬುದು 'ಆನ್ ಲಿಬರ್ಟಿ'ಯ ನಿಲುವು. ಅಂದರೆ ಮುಕ್ತ ವ್ಯಾಪಾರ ಅವನಿಗೆ ಜನ್ಮಸಿದ್ಧ ಹಕ್ಕಲ್ಲ, ಅನುಭವದಿಂದ ಸಮರ್ಥಿತವಾದ ನೀತಿ. ಅನುಭವ ಬೇರೆಯಾದರೆ ನೀತಿಯೂ ಬೇರೆಯಾಗಬಹುದು.

ಭಾರತದಲ್ಲಿ ಈ ಸಂದನ್ನು ಮೊದಲು ಕಂಡವರು ಮುಂಬಯಿ ಪ್ರಾಂತದ ವಿದ್ವಾಂಸರು. ಕಾಶೀನಾಥ ತ್ರ್ಯಂಬಕ ತೆಲಂಗರು 1877ರಲ್ಲಿ ಭಾರತೀಯ ದೃಷ್ಟಿಯಿಂದ ಮುಕ್ತ ವ್ಯಾಪಾರ ಮತ್ತು ರಕ್ಷಣೆಗಳನ್ನು ಕುರಿತು ಬರೆದರು. ಮಹಾದೇವ ಗೋವಿಂದ ರಾನಡೆಯವರು 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ನೀಡಿದ ಉಪನ್ಯಾಸದಲ್ಲಿ, ಇಂಗ್ಲೆಂಡಿನ ಅರ್ಥಶಾಸ್ತ್ರದ ಸೂತ್ರಗಳು ಎಲ್ಲ ದೇಶಕಾಲಗಳಿಗೂ ಸಲ್ಲುವುದಿಲ್ಲವೆಂದು ವಾದಿಸಿದರು. ಆ ವಾದಕ್ಕೆ ಬೇಕಾದ ಅಪವಾದಗಳು ಮಿಲ್ಲನ ಗ್ರಂಥದೊಳಗೇ ಇದ್ದವು. 1882ರಲ್ಲಿ ಭಾರತ ಸರ್ಕಾರ ಹತ್ತಿಬಟ್ಟೆಯ ಆಮದು ಸುಂಕವನ್ನು ತೆಗೆದುಹಾಕಿದಾಗ, 1896ರಲ್ಲಿ ಭಾರತದ ಗಿರಣಿ ಬಟ್ಟೆಯ ಮೇಲೆಯೇ ತೆರಿಗೆ ಹಾಕಿದಾಗ, ಮುಕ್ತ ವ್ಯಾಪಾರದ ಹೆಸರಿನಲ್ಲಿ ನಡೆದದ್ದು ಲ್ಯಾಂಕಷೈರ್ ಗಿರಣಿಗಳ ರಕ್ಷಣೆಯೆಂಬುದು ಇಲ್ಲಿಯವರಿಗೆ ಸ್ಪಷ್ಟವಾಗಿತ್ತು.

5

ನಿರುದ್ಯೋಗಕ್ಕೆ ಮಿಲ್ಲನ ಕಾಲದ ಅರ್ಥಶಾಸ್ತ್ರದಲ್ಲಿ ಪ್ರತ್ಯೇಕವಾದ ಸ್ಥಾನವಿರಲಿಲ್ಲ. ಕೆಲಸವಿಲ್ಲದವನನ್ನು ಬಡವರ ಕಾಯಿದೆಯ ಕಣ್ಣಿನಿಂದ, ಭಿಕ್ಷುಕನ ನೆರೆಯವನಂತೆ ನೋಡುತ್ತಿದ್ದರು. ಉತ್ಪಾದನೆಯೇ ಬೇಡಿಕೆಯನ್ನು ಹುಟ್ಟಿಸುತ್ತದೆ, ಆದ್ದರಿಂದ ಎಲ್ಲ ಸರಕುಗಳೂ ಒಟ್ಟಿಗೆ ಮಾರಾಟವಾಗದೆ ಉಳಿಯುವುದು ಅಸಾಧ್ಯ ಎಂಬುದು ಒಪ್ಪಿತ ಸಿದ್ಧಾಂತ. ಮಿಲ್ ಅದನ್ನು ಒಪ್ಪಿದನು. 1844ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಅದಕ್ಕೂ ಅಪವಾದ ಕಂಡನು. ಹಣದ ಮೂಲಕ ವಿನಿಮಯ ನಡೆಯುವಾಗ ಮಾರಿದವನು ಕೂಡಲೇ ಕೊಳ್ಳಬೇಕೆಂದಿಲ್ಲ. ಮುಗ್ಗಟ್ಟಿನ ಕಾಲದಲ್ಲಿ ಎಲ್ಲರೂ ಸರಕಿಗಿಂತ ಹಣವನ್ನೇ ಬಯಸುತ್ತಾರೆ. ಆಗ ತಾತ್ಕಾಲಿಕವಾಗಿ ಎಲ್ಲ ಸರಕೂ ಬಿದ್ದಿರುತ್ತದೆ, ಕೆಲಸಗಾರನೂ ಕೈಕಟ್ಟಿ ಕುಳಿತಿರುತ್ತಾನೆ. ಇಪ್ಪತ್ತನೆಯ ಶತಮಾನದಲ್ಲಿ ಬೃಹತ್ತಾಗಿ ಬೆಳೆದ ಚರ್ಚೆಯ ಬೀಜ ಇಲ್ಲಿದೆ.

ಯಂತ್ರಗಳ ವಿಷಯದಲ್ಲಿ ಅವನು ಇನ್ನೂ ಸ್ಪಷ್ಟನಾಗಿದ್ದನು. ಯಂತ್ರ ದೀರ್ಘಕಾಲದಲ್ಲಿ ಎಲ್ಲರಿಗೂ ಲಾಭ ತರುತ್ತದೆಂಬ ಮಾತು ಕೆಲಸ ಕಳೆದುಕೊಂಡ ನೇಕಾರನ ಹೊಟ್ಟೆ ತುಂಬಿಸುವುದಿಲ್ಲ. ಬದಲಾವಣೆ ವೇಗವಾಗಿ ಬಂದರೆ ಅದನ್ನು ನಿಧಾನಗೊಳಿಸುವುದು ಶಾಸನಕರ್ತರ ಕರ್ತವ್ಯ. ಇತರರ ಮತ್ತು ಮುಂದಿನವರ ಲಾಭಕ್ಕಾಗಿ ಬಲಿಯಾದವರ ಹಿತಕ್ಕಿಂತ ನ್ಯಾಯವಾದ ಹೊಣೆ ಶಾಸಕನಿಗೆ ಬೇರೆಯಿಲ್ಲವೆಂಬುದು ಅವನ ನಿಶ್ಚಿತ ಮತ.

ಪರಿಹಾರವೇನು ಎಂಬಲ್ಲಿ ಅವನ ನಿಲುವು ಕಠಿಣ. ಮಾಲ್ಥಸನ ಜನಸಂಖ್ಯಾ ತತ್ತ್ವವನ್ನು ಅವನು ಕೊನೆಯವರೆಗೂ ಬಿಡಲಿಲ್ಲ. ಹದಿನೇಳರ ವಯಸ್ಸಿನಲ್ಲೇ ಸಂತಾನನಿಯಂತ್ರಣದ ಕರಪತ್ರ ಹಂಚಿ ಬಂಧನಕ್ಕೊಳಗಾಗಿದ್ದನು. ಎಲ್ಲರಿಗೂ ಕೆಲಸದ ಭರವಸೆ ಕೊಟ್ಟರೆ, ಜನಸಂಖ್ಯೆಗೆ ಕಡಿವಾಣವಿಲ್ಲದಿದ್ದಲ್ಲಿ, ಆ ಭರವಸೆ ಎಲ್ಲರನ್ನೂ ಬಡತನಕ್ಕಿಳಿಸುತ್ತದೆಂದು ನಂಬಿದನು. 1834ರ ಬಡವರ ಕಾಯಿದೆಯನ್ನು, ಅದರ ಕಾಠಿಣ್ಯವೂ ಸೇರಿದಂತೆ, ಬೆಂಬಲಿಸಿದನು. ಆದರೆ 1846-47ರ ಐರ್ಲೆಂಡಿನ ಕ್ಷಾಮ ಬಂದಾಗ 'ಮಾರ್ನಿಂಗ್ ಕ್ರಾನಿಕಲ್' ಪತ್ರಿಕೆಯಲ್ಲಿ ಅವನು ಬರೆದ 40ಕ್ಕೂ ಹೆಚ್ಚು ಲೇಖನಗಳ ದಾರಿ ಬೇರೆ. ಹಸಿದವರಿಗೆ ರಸ್ತೆ ಕಡಿಯುವ ಪರಿಹಾರದ ಕೆಲಸ ಕೊಟ್ಟು ಕೂಲಿ ಹಂಚುವುದರಿಂದ ಪ್ರಯೋಜನವಿಲ್ಲ. ಪಾಳುಬಿದ್ದ ಭೂಮಿಯನ್ನು ಸರ್ಕಾರ ಪಡೆದು, ಹಸನುಗೊಳಿಸಿ, ದುಡಿಯುವ ರೈತರಿಗೇ ಒಡೆತನಕ್ಕೆ ಕೊಡಬೇಕು ಎಂದು ಅವನು ಪಟ್ಟುಹಿಡಿದನು. ಒಡೆತನ ಬಂದವನಿಗೆ ದುಡಿಮೆಯೂ ಮಿತವೂ ತಾವಾಗಿ ಬರುತ್ತವೆಂಬುದು ಅವನ ವಿಶ್ವಾಸ. ಪಾರ್ಲಿಮೆಂಟು ಕೇಳಲಿಲ್ಲ. ಇಪ್ಪತ್ತು ವರ್ಷಗಳ ಅನಂತರ ಅದೇ ಪಾರ್ಲಿಮೆಂಟಿನ ಸದಸ್ಯನಾಗಿ ಗೇಣಿದಾರರ ಪರ ಅವನು ಮಾತಾಡಿದಾಗ ಅದರ ಹಿಂದೆ ಈ ಹಳೆಯ ಸೋಲಿತ್ತು.

1868ರ ನವೆಂಬರಿನ ಚುನಾವಣೆಯಲ್ಲಿ ಮಿಲ್ ಸೋತನು. ನಾಸ್ತಿಕನೆಂದು ಹೆಸರಾಗಿದ್ದ ಚಾರ್ಲ್ಸ್ ಬ್ರ್ಯಾಡ್ಲಾನ ಚುನಾವಣಾ ನಿಧಿಗೆ ಹಣ ಕೊಟ್ಟದ್ದು ಆ ಸೋಲಿಗೆ ಒಂದು ಕಾರಣ. ಮರುವರ್ಷ ಅವನು ಮಾಡಿದ ಕೆಲಸ ಅವನ ಸ್ವಭಾವಕ್ಕೆ ಸಾಕ್ಷಿ. ದೇಶದಲ್ಲಿ ಕೂಲಿಗೆಂದು ಇರುವ ಬಂಡವಾಳ ನಿಗದಿಯಾಗಿದೆ, ಆದ್ದರಿಂದ ಸಂಘ ಕಟ್ಟಿ ಕೂಲಿ ಹೆಚ್ಚಿಸಲು ಸಾಧ್ಯವಿಲ್ಲ ಎಂಬ ವೇತನನಿಧಿ ಸಿದ್ಧಾಂತ ಅವನ ಗ್ರಂಥದ ಕಂಬಗಳಲ್ಲೊಂದು. ಇಂಡಿಯಾ ಕಚೇರಿಯಲ್ಲಿ ಸಹೋದ್ಯೋಗಿಯಾಗಿದ್ದ ವಿಲಿಯಂ ಥಾರ್ನ್‌ಟನ್ ಅದನ್ನು ಅಲ್ಲಗಳೆದು ಬರೆದ ಪುಸ್ತಕವನ್ನು ವಿಮರ್ಶಿಸುತ್ತ, 1869ರಲ್ಲಿ ಮಿಲ್ ಬಹಿರಂಗವಾಗಿ ಆ ಸಿದ್ಧಾಂತವನ್ನು ಕೈಬಿಟ್ಟನು. ಕಾರ್ಮಿಕ ಸಂಘಗಳ ವಿರುದ್ಧ ಅರ್ಥಶಾಸ್ತ್ರದ ಹೆಸರಿನಲ್ಲಿ ಹೇಳುತ್ತಿದ್ದ ಮುಖ್ಯ ಆಕ್ಷೇಪ ಹೀಗೆ ಅದರ ಪ್ರಮುಖ ಪ್ರತಿಪಾದಕನಿಂದಲೇ ಬಿದ್ದುಹೋಯಿತು. ಅರವತ್ತು ದಾಟಿದ, ಜಗತ್ಪ್ರಸಿದ್ಧನಾದ ವಿದ್ವಾಂಸನೊಬ್ಬ ಹೀಗೆ ನಡೆದುಕೊಂಡದ್ದು ವಿರಳ. ಕೂಲಿಯಾಳು ಧಣಿ ಎಂಬ ಸಂಬಂಧವೇ ಕೊನೆಗೆ ಅಳಿದು, ದುಡಿಯುವವರ ಸಹಕಾರ ಸಂಘಗಳೇ ಉದ್ಯಮಗಳನ್ನು ನಡೆಸುವ ಕಾಲ ಬರುತ್ತದೆಂದು ಅವನು ಆಶಿಸಿದ್ದನು.

6

1873ರ ಮೇ 7ರಂದು ಮಿಲ್ ಅವಿನ್ಯೋನ್‌ನಲ್ಲಿ ತೀರಿಕೊಂಡನು. ಹೆಂಡತಿಯ ಸಮಾಧಿಯ ಬಳಿಯೇ ಅವನನ್ನು ಮಣ್ಣುಮಾಡಲಾಯಿತು. ಅವನು ಭಾರತಕ್ಕೆ ಎಂದೂ ಬರಲಿಲ್ಲ.

ಮೂರು ವಿಷಯಗಳಲ್ಲಿಯೂ ಅವನ ವಿಚಾರದ ಕಟ್ಟು ಒಂದೇ ಎಂಬುದು ಈಗ ಕಾಣುತ್ತದೆ. ದತ್ತಕದಿಂದ ಮುಂದುವರಿಯುವ ರಾಜ್ಯ, ಸುಂಕದ ಆಸರೆಯಲ್ಲಿ ಬೆಳೆಯುವ ಉದ್ಯಮ, ನೆರವಿನಿಂದ ನಿಲ್ಲುವ ಕೆಲಸಗಾರ, ಈ ಮೂವರಿಗೂ ರಕ್ಷಣೆ ಕೊಡಬಹುದು. ಆದರೆ ಆ ರಕ್ಷಣೆ ಅವರನ್ನು ಸ್ವಂತ ಕಾಲಮೇಲೆ ನಿಲ್ಲಿಸುವಂಥದಾಗಿರಬೇಕು, ಅವಧಿ ಮುಗಿದ ಮೇಲೆ ಬೇಡವಾಗಬೇಕು. ಈ ಸೂತ್ರದ ಬಲ ಅದರ ವಿವೇಕದಲ್ಲಿದೆ. ಅದರ ದೌರ್ಬಲ್ಯ, ಅವಧಿ ಮುಗಿಯಿತೆಂದು ಹೇಳುವ ಅಧಿಕಾರ ಯಾರದೆಂಬ ಪ್ರಶ್ನೆಯಲ್ಲಿದೆ. ಇಂಗ್ಲೆಂಡಿನ ಕಾರ್ಮಿಕನ ವಿಷಯದಲ್ಲಿ ಮಿಲ್ ಆ ಅಧಿಕಾರವನ್ನು ಮತಾಧಿಕಾರದ ಮೂಲಕ ಕಾರ್ಮಿಕನಿಗೂ ಹಂಚಲು ಸಿದ್ಧನಿದ್ದನು. ಭಾರತದ ಪ್ರಜೆಯ ವಿಷಯದಲ್ಲಿ ಸಿದ್ಧನಿರಲಿಲ್ಲ.

ಮೈಸೂರಿನ ಮುಂದಿನ ಚರಿತ್ರೆ ಈ ದೃಷ್ಟಿಯಿಂದ ವಿಚಾರಾರ್ಹ. ದತ್ತಕ ಮಾನ್ಯವಾಗದಿದ್ದರೆ ಆ ರಾಜ್ಯ ಬ್ರಿಟಿಷ್ ಇಂಡಿಯಾದ ಒಂದು ಭಾಗವಾಗಿ ಕರಗಿಹೋಗುತ್ತಿತ್ತು. ಮಾನ್ಯವಾದ್ದರಿಂದ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು; 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು; ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಗಂಧದೆಣ್ಣೆ, ಸಾಬೂನು, ಭದ್ರಾವತಿಯ ಕಬ್ಬಿಣ ಮೊದಲಾದ ಉದ್ಯಮಗಳು ಸರ್ಕಾರದ ಹಣದಿಂದಲೇ ನಿಂತವು. ಸುಂಕ ವಿಧಿಸುವ ಸ್ವಾತಂತ್ರ್ಯವಿಲ್ಲದ ಸಂಸ್ಥಾನವೊಂದು ಬೊಕ್ಕಸದ ಬಹಿರಂಗ ವೆಚ್ಚದಿಂದ ಎಳೆಯ ಉದ್ಯಮಗಳನ್ನು ಸಾಕಿದ ಈ ಕ್ರಮ ಮಿಲ್ ಕೊನೆಗಾಲದಲ್ಲಿ ಸೂಚಿಸಿದ ಮಾರ್ಗವನ್ನೇ ಹೋಲುತ್ತದೆ. ಅದು ಅವನ ಓದಿನಿಂದ ಬಂದದ್ದೆಂದು ಹೇಳಬೇಕಾಗಿಲ್ಲ. ನೆಲದ ಅಗತ್ಯವೇ ಅದನ್ನು ಕಲಿಸಿತು. ಅರ್ಹತೆಯನ್ನು ಹೊರಗಿನವರು ಅಳೆದು ತೀರ್ಪು ಕೊಡಬೇಕೆಂದು ಮಿಲ್ ನಂಬಿದ್ದನು. ಅವಕಾಶ ದೊರೆತಲ್ಲಿ ಅರ್ಹತೆ ತಾನಾಗಿ ಬೆಳೆಯುತ್ತದೆಂಬುದನ್ನು ಅವನು ಸಭೆಗೆ ಒಪ್ಪಿಸಿದ ಮನವಿಯ ರಾಜ್ಯವೇ ತೋರಿಸಿಕೊಟ್ಟಿತು.